ಒಂದೇ ನಂಬರಿಗೆ ಇಡೀ ಬದುಕನ್ನು ಕಟ್ಟಬೇಡಿ

ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಬಸ್ಸಿಳಿದು ಬಿ.ಎಚ್. ರಸ್ತೆಯ ಬದಿಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಸಾಕು, ಮೊಬೈಲ್ ನಂಬರುಗಳು ಸಾಲುಸಾಲಾಗಿ ಕಣ್ಣಿಗೆ ಬೀಳುತ್ತವೆ. ಗೊಬ್ಬರದಂಗಡಿಯ ಬೋರ್ಡು, ಬೋರ್‌ವೆಲ್ ಲಾರಿ, ಶಾಮಿಯಾನದವರ ಫ್ಲೆಕ್ಸು, ತೆಂಗಿನಕಾಯಿ ಕೊಳ್ಳುವವರ ಗೋಡೆಬರಹ, ಬ್ಲೌಸ್ ಹೊಲಿಯುವವರ ಮನೆಬಾಗಿಲು. ವ್ಯಾಪಾರ ಎಂದಮೇಲೆ ನಂಬರ್ ಹೊರಗೆ ಇರಲೇಬೇಕು. ಆದರೆ ಬೋರ್ಡಿನ ಮೇಲಿರುವ ಅದೇ ನಂಬರ್ ಬ್ಯಾಂಕಿನಲ್ಲೂ ಇದೆ, ಆಧಾರ್‌ನಲ್ಲೂ ಇದೆ. ರೈತರ ಫ್ರೂಟ್ಸ್ ನೋಂದಣಿ, ಗ್ಯಾಸ್ ಬುಕಿಂಗ್, ಮಗಳ ಶಾಲೆಯ ವಾಟ್ಸಾಪ್ ಗುಂಪು, ಸ್ತ್ರೀಶಕ್ತಿ ಸಂಘ, ಎಸ್ಸೆಸ್ಸೆಲ್ಸಿ ಗೆಳೆಯರ ಬಳಗ, ಜಾತ್ರೆ ಸಮಿತಿ, ಎಲ್ಲದರಲ್ಲೂ ಅದೊಂದೇ. ಫೇಸ್‌ಬುಕ್ ಪಾಸ್‌ವರ್ಡ್ ಮರೆತರೆ ಓಟಿಪಿ ಬರುವುದೂ ಅದಕ್ಕೇ.

ಅಪರಿಚಿತನೊಬ್ಬ ಆ ನಂಬರನ್ನು ಬರೆದುಕೊಂಡು ಹೋದ ಎಂದಿಟ್ಟುಕೊಳ್ಳಿ. ಯುಪಿಐ ಆಪ್‌ನಲ್ಲಿ ಹಾಕಿದರೆ ಬ್ಯಾಂಕಿನಲ್ಲಿರುವ ಪೂರ್ತಿ ಹೆಸರು ಬರುತ್ತದೆ. ಒಂದು ರೂಪಾಯಿಯನ್ನೂ ಕಳಿಸಬೇಕಾಗಿಲ್ಲ. ಫೋನಿನಲ್ಲಿ ಸೇವ್ ಮಾಡಿಕೊಂಡು ವಾಟ್ಸಾಪ್ ತೆರೆದರೆ, ಸೆಟ್ಟಿಂಗ್ಸ್ ಬದಲಿಸದೆ ಬಿಟ್ಟವರ ಫೋಟೋ ಕಾಣುತ್ತದೆ. ನಮ್ಮ ಕಡೆ ಆ ಫೋಟೋದಲ್ಲಿ ಸಾಮಾನ್ಯವಾಗಿ ಮಕ್ಕಳಿರುತ್ತಾರೆ, ಎಷ್ಟೋ ಸಲ ಶಾಲೆಯ ಯೂನಿಫಾರಂನಲ್ಲೇ. ಟ್ರೂಕಾಲರ್‌ನಲ್ಲಿ ನೋಡಿದರೆ ಊರಿನವರು ತಮ್ಮ ಫೋನುಗಳಲ್ಲಿ ನಿಮ್ಮನ್ನು ಏನೆಂದು ಉಳಿಸಿಕೊಂಡಿದ್ದಾರೋ ಆ ಹೆಸರು. ಇಷ್ಟಕ್ಕೆ ಎರಡು ನಿಮಿಷ ಬೇಡ. ಆಮೇಲೆ ಬರುವ ಕರೆಯಲ್ಲಿ ನಿಮ್ಮ ಹೆಸರು ಹಿಡಿದು, ಮಗಳ ಶಾಲೆಯ ಹೆಸರೂ ಹೇಳಿ ಮಾತಾಡಿದರೆ ಯಾರಾದರೂ ನಂಬಿಬಿಡುತ್ತಾರೆ.

ಹಾಗಾಗಿ ನಾನು ಹೇಳುವುದಿಷ್ಟು: ಬ್ಯಾಂಕಿನ ನೀವು, ಮನೆಯ ನೀವು, ಅಂಗಡಿಯ ನೀವು, ಬರೆಯುವ ನೀವು ಬೇರೆ ಬೇರೆ ಅಕೌಂಟುಗಳಲ್ಲಿರಿ. ಒಂದನ್ನು ಹಿಡಿದು ಎಳೆದರೆ ಉಳಿದವೆಲ್ಲ ಕೈಗೆ ಸಿಗುವಂತಿರಬಾರದು.

ಇದು ಕಳ್ಳತನವೆ?

ಎರಡು ನಂಬರ್, ಎರಡು ಹೆಸರು ಎಂದರೆ ನಮ್ಮೂರುಗಳಲ್ಲಿ ಹುಬ್ಬೇರಿಸುತ್ತಾರೆ. ಹೆಣ್ಣುಮಕ್ಕಳು ಇಟ್ಟುಕೊಂಡರಂತೂ ಕೇಳುವುದೇ ಬೇಡ. ಬೇರೆ ಹೆಸರಿನಲ್ಲಿ ಬರೆಯುವುದು ಕನ್ನಡಕ್ಕೆ ಹೊಸದಲ್ಲ ಎಂಬುದನ್ನು ಅವರಿಗೆ ನೆನಪಿಸಬೇಕು. ತ್ರಿವೇಣಿ ಎಂದು ಎಲ್ಲರೂ ಓದಿದ ಕಾದಂಬರಿಕಾರ್ತಿ ಅನಸೂಯಾ ಶಂಕರ್. ನಿರಂಜನ ಎಂದರೆ ಕುಳಕುಂದ ಶಿವರಾವ್, ಬೀchiಯವರ ಹೆಸರು ರಾಯಸಂ ಭೀಮಸೇನರಾವ್, ಮಾಸ್ತಿ ಕತೆಗಳಿಗೆ ಶ್ರೀನಿವಾಸರಾದರು. ಅವರ್ಯಾರೂ ಯಾರಿಗೂ ಮೋಸ ಮಾಡಲಿಲ್ಲ.

ಕಾನೂನಿನ ಬಲವೂ ಇದೆ, ಅದನ್ನು ತಂದುಕೊಟ್ಟವರು ಕರ್ನಾಟಕದವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಮರುವರ್ಷ ಸೆಪ್ಟೆಂಬರ್ 26ರ ತೀರ್ಪು, ಬ್ಯಾಂಕ್ ಖಾತೆಗೂ ಸಿಮ್ಮಿಗೂ ಆಧಾರ್ ಜೋಡಿಸಲೇಬೇಕೆಂಬ ಕಡ್ಡಾಯವನ್ನು ತೆಗೆದುಹಾಕಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರಿನ ಆ ತೀರ್ಪು ಇವತ್ತಿಗೂ ದೇಶದ ಕೋರ್ಟುಗಳಲ್ಲಿ ಉಲ್ಲೇಖವಾಗುತ್ತಲೇ ಇದೆ.

ಹಾಗೆಂದು ಗೆರೆ ಇಲ್ಲವೆಂದಲ್ಲ. ನಿಮ್ಮದೇ ಇನ್ನೊಂದು ಹೆಸರಿನಲ್ಲಿ ಬರೆಯುವುದು, ಮಾರುವುದು, ಮಾತಾಡುವುದು ಸರಿ. ಇನ್ನೊಬ್ಬರ ಹೆಸರು, ಫೋಟೋ ಹಾಕಿಕೊಂಡು ಅವರೇ ನಾನೆಂದು ನಂಬಿಸಿ ಮೋಸ ಮಾಡಿದರೆ ಐಟಿ ಕಾಯ್ದೆಯ 66ಡಿ ಪ್ರಕಾರ ಮೂರು ವರ್ಷದವರೆಗೆ ಜೈಲು. ಹೆಸರು ಮುಚ್ಚಿಕೊಂಡು ಬೆದರಿಕೆ ಹಾಕಿದರೆ ಭಾರತೀಯ ನ್ಯಾಯ ಸಂಹಿತೆ ಮಾಮೂಲಿ ಶಿಕ್ಷೆಯ ಮೇಲೆ ಇನ್ನೂ ಎರಡು ವರ್ಷದವರೆಗೆ ಸೇರಿಸುತ್ತದೆ. ಬ್ಯಾಂಕು, ತೆರಿಗೆ, ಸಿಮ್ ಖರೀದಿ, ಸರ್ಕಾರಿ ಅರ್ಜಿಗಳಲ್ಲಿ ನಿಜವಾದ ಹೆಸರು, ನಿಜವಾದ ದಾಖಲೆ ಬಿಟ್ಟು ಬೇರೆ ದಾರಿಯೇ ಇಲ್ಲ. ಸರ್ಕಾರಿ ನೌಕರರು, ಅದರಲ್ಲೂ ಮೇಷ್ಟ್ರುಗಳು, ಇನ್ನೊಂದು ಮಾತು ತಿಳಿದಿರಬೇಕು. ನೌಕರರ ನಡತೆ ನಿಯಮಗಳು ಕಾವ್ಯನಾಮದ ಹಿಂದೆಯೂ ಬರುತ್ತವೆ. ಕವಿತೆಗೆ ಅಡ್ಡಿಯಿಲ್ಲ, ಸರ್ಕಾರದ ಟೀಕೆ ಬೇರೆ ಹೆಸರಿನಲ್ಲಿ ಬಂದರೂ ಟೀಕೆಯೇ.

ಮೊದಲು ಒಂದು ಹಾಳೆ

ಫೋನ್ ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಂಡು, ಯಾವ ಯಾವ ಕಡೆ ಯಾವ ನಂಬರ್, ಯಾವ ಇಮೇಲ್ ಕೊಟ್ಟಿದ್ದೀರಿ ಎಂದು ಬರೆಯಿರಿ. ಬ್ಯಾಂಕ್, ಆಧಾರ್, ಪ್ಯಾನ್, ಪಡಿತರ ಚೀಟಿ, ಎಲ್‌ಐಸಿ, ಫ್ರೂಟ್ಸ್, ಗ್ಯಾಸ್, ವಿದ್ಯುತ್ ಬಿಲ್, ಜಿಮೇಲ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಮೀಶೋ, ಕೆಲಸಕ್ಕೆ ಅರ್ಜಿ ಹಾಕಿದ ತಾಣಗಳು. ಈ ಪಟ್ಟಿ ಬರೆಯುವಾಗಲೇ ಅರ್ಧ ವಿಷಯ ಅರ್ಥವಾಗುತ್ತದೆ. ಆಮೇಲೆ ಪ್ರತಿಯೊಂದರ ಮುಂದೆ ಹಣ, ಮನೆ, ಹೊರಗೆ ಎಂಬ ಮೂರರಲ್ಲಿ ಒಂದನ್ನು ಬರೆಯಿರಿ. ಬಹುಪಾಲು ಜನಕ್ಕೆ ಈ ಮೂರು ಸಾಕು. ಬರೆಯುವವರು, ಹಾಡುವವರು, ಯೂಟ್ಯೂಬ್ ಮಾಡುವವರು ನಾಲ್ಕನೆಯದು ಸೇರಿಸಿಕೊಳ್ಳಲಿ. ಅದಕ್ಕಿಂತ ಹೆಚ್ಚು ಮಾಡಿಕೊಂಡರೆ ನಿಭಾಯಿಸಲಾಗದೆ ಮತ್ತೆ ಎಲ್ಲವನ್ನೂ ಒಂದಕ್ಕೇ ಸೇರಿಸುತ್ತೀರಿ.

ಎರಡನೇ ಸಿಮ್

ಈಗಿನ ಫೋನುಗಳಲ್ಲಿ ಎರಡು ಸಿಮ್ಮಿನ ಜಾಗ ಇದ್ದೇ ಇರುತ್ತದೆ. ಹೊಸ ನಂಬರನ್ನು ಅಂಗಡಿಗೆ ಕೊಡಬೇಕೋ ಬ್ಯಾಂಕಿಗೆ ಕೊಡಬೇಕೋ ಎಂದು ಕೇಳುವವರಿಗೆ ನನ್ನ ಉತ್ತರ: ಹಳೆಯದು ಆಗಲೇ ಊರಿಗೆಲ್ಲ ಗೊತ್ತಾಗಿದ್ದರೆ ಅದು ಹೊರಗಿನ ನಂಬರಾಗಿಯೇ ಇರಲಿ. ಹೊಸದನ್ನು ಬ್ಯಾಂಕಿಗೂ ಆಧಾರ್‌ಗೂ ಮಾತ್ರ ಕೊಡಿ, ಬೇರೆ ಯಾರಿಗೂ ಹೇಳಬೇಡಿ. ಆ ನಂಬರಿನಿಂದ ವಾಟ್ಸಾಪ್ ಬೇಡ, ಮಿಸ್ಡ್ ಕಾಲ್ ಬೇಡ, ಅಂಗಡಿಯ ಲಕ್ಕಿ ಡ್ರಾ ಚೀಟಿಯಲ್ಲಿ ಬರೆಯುವುದೂ ಬೇಡ. ಹಾಗಿಟ್ಟುಕೊಂಡರೆ ಒಂದು ದೊಡ್ಡ ಲಾಭವಿದೆ. ಬ್ಯಾಂಕಿನ ಹೆಸರು ಹೇಳಿಕೊಂಡು ಹಳೆಯ ನಂಬರಿಗೆ ಕರೆ ಬಂದರೆ, ಅದು ಸುಳ್ಳೆಂದು ಎತ್ತಿದ ಕ್ಷಣವೇ ಗೊತ್ತಾಗುತ್ತದೆ.

ಬ್ಯಾಂಕಿನಲ್ಲಿ ನಂಬರ್ ಬದಲಿಸಲು ಶಾಖೆಗೆ ಹೋಗಿ ಅರ್ಜಿ ಕೊಡಿ, ಆಧಾರ್‌ನದನ್ನು ಆಧಾರ್ ಕೇಂದ್ರದಲ್ಲಿ ಮಾಡಿಸಬಹುದು. ಪಟ್ಟಿಯಲ್ಲಿರುವ ಎಲ್ಲ ಕಡೆ ಬದಲಾಗುವ ತನಕ ಹಳೆಯ ಸಿಮ್ ರೀಚಾರ್ಜ್ ನಿಲ್ಲಿಸಬೇಡಿ. ಮೂರು ತಿಂಗಳು ಬಳಸದೆ ಬಿಟ್ಟ ಸಿಮ್ಮನ್ನು ಕಂಪನಿ ಕಡಿಯಬಹುದು, ಮತ್ತಷ್ಟು ದಿನ ಕಳೆದ ಮೇಲೆ ಅದೇ ನಂಬರ್ ಇನ್ನೊಬ್ಬರ ಕೈ ಸೇರುತ್ತದೆ. ನಿಮ್ಮ ಓಟಿಪಿ ಆಗ ಅವರಿಗೆ ಹೋಗುತ್ತದೆ.

ಸಿಮ್ ನಿಮ್ಮದೇ ಹೆಸರಿನಲ್ಲಿರಲಿ. ಹಳ್ಳಿಗಳಲ್ಲಿ ಅತ್ತೆಯ ಸಿಮ್ ಮೈದುನನ ಹೆಸರಿನಲ್ಲಿ, ತೋಟದ ಆಳಿನ ಸಿಮ್ ಯಜಮಾನರ ಹೆಸರಿನಲ್ಲಿ ಇರುವುದು ಮಾಮೂಲು. ಸಿಮ್ ಕಳೆದರೆ ಡೂಪ್ಲಿಕೇಟ್ ಕೊಡುವುದು ದಾಖಲೆಯಲ್ಲಿರುವವರಿಗೆ ಮಾತ್ರ. ಒಬ್ಬರ ಹೆಸರಿನಲ್ಲಿ ಒಂಬತ್ತು ಸಿಮ್‌ವರೆಗೆ ಇರಬಹುದು. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ನಂಬರ್ ಕೊಟ್ಟು ಓಟಿಪಿ ಹಾಕಿದರೆ ನಿಮ್ಮ ಹೆಸರಿನಲ್ಲಿ ಎಷ್ಟು ಸಂಪರ್ಕಗಳಿವೆ ಎಂದು ತೋರಿಸುತ್ತದೆ. ಗೊತ್ತಿಲ್ಲದ ನಂಬರ್ ಕಂಡರೆ 'ನನ್ನದಲ್ಲ' ಎಂದು ಅಲ್ಲೇ ದೂರು ಹಾಕಬಹುದು. ಇದನ್ನು ಇವತ್ತೇ ಮಾಡಿ.

ವಾಟ್ಸಾಪ್, ಯುಪಿಐ

ಆಂಡ್ರಾಯ್ಡ್ ಫೋನಿನ ಒಂದೇ ವಾಟ್ಸಾಪ್‌ನಲ್ಲಿ ಎರಡು ಅಕೌಂಟ್ ಇಟ್ಟುಕೊಳ್ಳುವ ಸೌಲಭ್ಯ 2023ರ ಅಕ್ಟೋಬರ್‌ನಲ್ಲಿ ಬಂತು. ಬ್ಯಾಂಕಿನ ನಂಬರನ್ನು ಇದಕ್ಕೆ ಬಳಸಬೇಡಿ, ಎರಡನೇ ಅಕೌಂಟಿಗೆ ಇನ್ನೊಂದು ನಂಬರ್ ಬೇಕಾಗುತ್ತದೆ. ಅಂಗಡಿಯವರಿಗೆ ವಾಟ್ಸಾಪ್ ಬಿಸಿನೆಸ್ ಇನ್ನೂ ಅನುಕೂಲ. ಅಂಗಡಿಯ ಹೆಸರು, ಸಮಯ, ಸಾಮಾನಿನ ಪಟ್ಟಿ ಎಲ್ಲ ಅಲ್ಲೇ ಹಾಕಬಹುದು, ಫೋಟೋಗೆ ಮಕ್ಕಳ ಬದಲು ಅಂಗಡಿಯ ಬೋರ್ಡು ಸಾಕು. ಮನೆಯ ಅಕೌಂಟಿನಲ್ಲಿ ಫೋಟೋ, ಸ್ಟೇಟಸ್, ಕೊನೆಗೆ ನೋಡಿದ ಸಮಯ, ಮೂರನ್ನೂ 'ನನ್ನ ಸಂಪರ್ಕಗಳು' ಎಂದು ಬದಲಿಸಿ. ಗುಂಪಿಗೆ ಸೇರಿಸುವ ಅಧಿಕಾರವೂ ನಿಮ್ಮ ಸಂಪರ್ಕದಲ್ಲಿರುವವರಿಗೆ ಮಾತ್ರ ಇರಲಿ. ಮಾಮೂಲಿ ಗುಂಪಿನಲ್ಲಿ ಪ್ರತಿಯೊಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ ಎಂಬುದು ನೆನಪಿರಲಿ. ಇನ್ನೂರು ಜನರ ಜಾತ್ರೆ ಗುಂಪಿನಲ್ಲಿ ಇರುವ ಹೆಣ್ಣುಮಗಳ ನಂಬರ್ ಇನ್ನೂರು ಜನರ ಹತ್ತಿರ ಇದೆ ಎಂದೇ ಅರ್ಥ. ಚಾನೆಲ್‌ನಲ್ಲಿ ಹಾಗಿಲ್ಲ, ಹಿಂಬಾಲಿಸುವವರಿಗೆ ನಂಬರ್ ತೋರುವುದಿಲ್ಲ. ಕವಿತೆ, ಅಡುಗೆ, ರಂಗೋಲಿ ಹಂಚುವವರು ಗುಂಪು ಮಾಡುವ ಬದಲು ಚಾನೆಲ್ ಮಾಡಿಕೊಳ್ಳಲಿ. ಎರಡೂ ಅಕೌಂಟಿಗೆ ಆರಂಕಿಯ ಎರಡು ಹಂತದ ಪಿನ್ ಹಾಕುವುದನ್ನು ಮಾತ್ರ ಬಿಡಬೇಡಿ.

ಯುಪಿಐನಲ್ಲಿ ಪೂರ್ತಿ ಮರೆ ಸಿಗುವುದಿಲ್ಲ. ದುಡ್ಡು ಕೊಡುವವರಿಗೆ ಬ್ಯಾಂಕಿನಲ್ಲಿರುವ ಹೆಸರು ಕಾಣಲೇಬೇಕು, ಕಾಣುವುದು ಒಳ್ಳೆಯದೂ ಹೌದು. ಆದರೆ ನಂಬರ್ ಬಚ್ಚಿಡಬಹುದು. ಮೊಬೈಲ್ ನಂಬರೇ ಯುಪಿಐ ಐಡಿಯಾಗಿದ್ದರೆ, ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ಅಕ್ಷರಗಳಿರುವ ಬೇರೆ ಐಡಿ ಮಾಡಿಕೊಂಡು ಅದನ್ನೇ ಕೊಡಿ. ಮನೆಯಲ್ಲೇ ಹಪ್ಪಳ, ಚಟ್ನಿಪುಡಿ ಮಾಡಿ ಮಾರುವ ಹೆಂಗಸರು ವ್ಯಾಪಾರಕ್ಕೆಂದು ಇನ್ನೊಂದು ಉಳಿತಾಯ ಖಾತೆ ತೆರೆದು ಅದರ ಕ್ಯುಆರ್ ಹಾಕಲಿ. ಗಂಡನ ಸಂಬಳವೋ ಗೃಹಲಕ್ಷ್ಮಿಯ ದುಡ್ಡೋ ಬರುವ ಖಾತೆಯ ಕ್ಯುಆರ್ ಗೋಡೆಯ ಮೇಲೆ ಅಂಟಿಸಬೇಡಿ. ಕಾವ್ಯನಾಮದಲ್ಲಿ ಪುಸ್ತಕ ಮಾರುವವರಿಗೆ ಒಂದು ಎಚ್ಚರಿಕೆ: ಓದುಗ ದುಡ್ಡು ಹಾಕಿದ ಗಳಿಗೆಯೇ ನಿಜವಾದ ಹೆಸರು ಅವನ ಪರದೆಯ ಮೇಲೆ ಬರುತ್ತದೆ. ಹೆಸರು ಹೊರಬರಬಾರದೆಂದಿದ್ದರೆ ಮಾರಾಟವನ್ನು ಪ್ರಕಾಶಕರಿಗೋ ಅಂಗಡಿಗೋ ಬಿಡಿ.

ಗುರುತು ಸೋರುವ ತೂತುಗಳು

ಗುಬ್ಬಿ ನಮ್ಮ ತಾಲ್ಲೂಕು ಕೇಂದ್ರ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯ ಊರು. 'ಸದಾರಮೆ' ನಾಟಕದ ಕಳ್ಳನ ಪಾತ್ರದಲ್ಲಿ ಹೆಸರಾಗಿದ್ದ ಆ ಕಂಪನಿಯ ವೀರಣ್ಣನವರು ಎಂಥ ಬಣ್ಣ ಬಳಿದುಕೊಂಡು ಬಂದರೂ ಅವರ ದನಿ ಬಲ್ಲವರು ಗುರುತು ಹಿಡಿಯದೆ ಇರುತ್ತಿರಲಿಲ್ಲ. ಆನ್‌ಲೈನಿನಲ್ಲೂ ವೇಷ ಸರಿಯಾಗಿದ್ದು ದನಿ ಬಿಟ್ಟುಕೊಡುವ ಜಾಗಗಳಿವೆ.

ಮೊದಲನೆಯದು ಕಾಂಟ್ಯಾಕ್ಟ್ಸ್. ಹೊಸ ಇನ್‌ಸ್ಟಾಗ್ರಾಂ ಅಕೌಂಟ್ ಮಾಡಿದ ಕೂಡಲೇ ಫೋನಿನ ನಂಬರುಗಳನ್ನು ನೋಡಲು ಅನುಮತಿ ಕೇಳುತ್ತದೆ. ಒಪ್ಪಿದಿರೋ, ನಿಮ್ಮ ಕಾವ್ಯನಾಮದ ಅಕೌಂಟು ಚಿಕ್ಕಪ್ಪನಿಗೆ, ಸಹೋದ್ಯೋಗಿಗೆ 'ನಿಮಗೆ ಪರಿಚಯ ಇರಬಹುದು' ಎಂದು ತೋರಬಹುದು. ಬೇಡ ಎನ್ನಿ. ಹಳೆಯ ಅಕೌಂಟಿನ ಅಕೌಂಟ್ಸ್ ಸೆಂಟರಿಗೆ ಹೊಸದನ್ನು ಸೇರಿಸಲೂಬೇಡಿ.

ಎರಡನೆಯದು ರಿಕವರಿ. ಹೊಸ ಜಿಮೇಲ್ ಮಾಡಿ ಅದಕ್ಕೆ ರಿಕವರಿ ನಂಬರ್ ಎಂದು ಹಳೆಯ ನಂಬರನ್ನೇ ಕೊಟ್ಟರೆ ಬೇರೆ ಮಾಡಿದ ಪ್ರಯೋಜನ ಅರ್ಧ ಹೋಯಿತು. ಪಾಸ್‌ವರ್ಡ್ ಮರೆತೆ ಎಂದು ಯಾರೇ ಒತ್ತಿದರೂ ಆ ನಂಬರಿನ ಕೊನೆಯ ಅಂಕಿಗಳು ಕಾಣಿಸಬಹುದು, ನಿಮ್ಮನ್ನು ಬಲ್ಲವರಿಗೆ ಅಷ್ಟು ಸಾಕು. ಜಿಮೇಲ್‌ನಲ್ಲಿ ವಿಳಾಸದ ಹೆಸರಿನ ಮುಂದೆ ಪ್ಲಸ್ ಚಿಹ್ನೆ ಹಾಕಿ ಒಂದು ಪದ ಸೇರಿಸಿದರೂ ಪತ್ರ ನಿಮ್ಮ ಅದೇ ಡಬ್ಬಿಗೆ ಬರುತ್ತದೆ. ಯಾವ ಅಂಗಡಿ ನಿಮ್ಮ ವಿಳಾಸ ಮಾರಿಕೊಂಡಿತು ಎಂದು ಪತ್ತೆಹಚ್ಚಲು ಇದು ಚೆನ್ನಾಗಿದೆ. ಮೂಲ ವಿಳಾಸ ಅದರಲ್ಲೇ ಕಾಣುವುದರಿಂದ ಗುರುತು ಮುಚ್ಚಿಡಲು ಪ್ರಯೋಜನವಿಲ್ಲ. ಕೆಲಸ ಹುಡುಕುವ ಹುಡುಗರು ಅರ್ಜಿಗಳಿಗೆಂದೇ ಒಂದು ಇಮೇಲ್ ಇಟ್ಟುಕೊಳ್ಳಲಿ. ರೆಸ್ಯೂಮೆ ಹಾಕಿದ ತಾಣಗಳಿಂದಲೇ ಎಷ್ಟೋ ಸುಳ್ಳು ಕೆಲಸದ ಕರೆಗಳು ಹುಟ್ಟುತ್ತವೆ.

ಮೂರನೆಯದು ಫೋಟೋ. ಮನೆಯ ಅಕೌಂಟಿನಲ್ಲಿ ಹಾಕಿದ ಚಿತ್ರವನ್ನೇ ಕಾವ್ಯನಾಮದ ಅಕೌಂಟಿನಲ್ಲಿ ಹಾಕಿದರೆ ಗೂಗಲ್‌ನ ಚಿತ್ರಹುಡುಕಾಟ ಎರಡನ್ನೂ ಜೋಡಿಸಿಬಿಡಬಲ್ಲದು. ಹಿನ್ನೆಲೆಯ ಬೋರ್ಡು, ಗಾಡಿಯ ನಂಬರ್ ಪ್ಲೇಟು ನೋಡಿಕೊಳ್ಳಿ. ನಿಟ್ಟೂರಿನ ಶಾಂತೀಶ್ವರ ಬಸದಿಯ ಹೊಯ್ಸಳ ಗೋಡೆ ಹಿಂದಿದ್ದರೆ ಊರಿನ ಹೆಸರು ಬರೆಯಲೇಬೇಕಾಗಿಲ್ಲ, ಬಲ್ಲವರಿಗೆ ತಿಳಿಯುತ್ತದೆ. ಫೋನ್ ತೆಗೆದ ಫೋಟೋದ ಒಳಗೆ ಜಾಗದ ವಿವರವೂ ಅಡಗಿರಬಹುದು. ವಾಟ್ಸಾಪ್‌ನಲ್ಲಿ ಫೋಟೋ ಎಂದೇ ಕಳಿಸಿದರೆ ಅದು ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಹಾಗೇ ಹೋಗುತ್ತದೆ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಆಫ್ ಮಾಡಿಬಿಡುವುದು ಸುಲಭ. ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅಂಥ ಕಡೆ ಕೆಲಸಕ್ಕೆ ಹೋಗುವವರು ಸಂಸ್ಥೆಯ ಹೆಸರು, ಗುರುತಿನ ಚೀಟಿ, ಗೇಟಿನ ಫೋಟೋ ತಮ್ಮ ಯಾವ ಅಕೌಂಟಿನಲ್ಲೂ ಹಾಕದಿರುವುದು ಒಳ್ಳೆಯದು. ಏನೋ ಮಾಹಿತಿ ಬೇಕಾದವರು ಮೊದಲು ಹುಡುಕುವುದು ಇಂಥ ಚಿತ್ರಗಳನ್ನೇ.

ಜೆರಾಕ್ಸ್ ಅಂಗಡಿಯ ಮುಂದೆ

ಎಲ್ಲಕ್ಕಿಂತ ದೊಡ್ಡ ತೂತು ಇದು. ದಾಖಲೆ ಪ್ರಿಂಟ್ ಬೇಕೆಂದರೆ ಗೋಡೆಯ ಮೇಲೆ ಬರೆದ ನಂಬರಿಗೆ ವಾಟ್ಸಾಪ್ ಮಾಡಿ ಎನ್ನುತ್ತಾರೆ. ಆಧಾರ್, ಪಾಸ್‌ಬುಕ್, ಅಂಕಪಟ್ಟಿ, ಪಾಸ್‌ಪೋರ್ಟ್ ಸೈಜಿನ ಫೋಟೋ ಎಲ್ಲ ಕಳಿಸಿ, ಎರಡು ಪ್ರತಿ ತೆಗೆದುಕೊಂಡು, ಹತ್ತು ರೂಪಾಯಿ ಕೊಟ್ಟು ಬರುತ್ತೇವೆ. ಕಡತ ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ಸ್‌ನಲ್ಲಿ ಉಳಿದೇ ಇರುತ್ತದೆ. ಅಂಗಡಿಯವರು ಒಳ್ಳೆಯವರೇ ಇರಬಹುದು, ಆದರೆ ಆ ಕಂಪ್ಯೂಟರ್ ಮುಂದೆ ಯಾರು ಯಾರು ಕೂರುತ್ತಾರೆ ಎಂದು ಅವರಿಗೂ ಗೊತ್ತಿರುವುದಿಲ್ಲ.

'ಎಲ್ಲರಿಗೂ ಅಳಿಸು' ಒತ್ತಿದರೆ ಡೌನ್‌ಲೋಡ್ ಆದ ಪ್ರತಿ ಹೋಗುವುದಿಲ್ಲ. ಹಾಗಾಗಿ ಪ್ರಿಂಟ್ ಬಂದ ಮೇಲೆ ಅಲ್ಲೇ ನಿಂತು, "ಅಣ್ಣ, ಡೌನ್‌ಲೋಡ್ಸ್‌ನಲ್ಲಿರೋದನ್ನೂ ತೆಗೆದುಬಿಡಿ, ರೀಸೈಕಲ್ ಬಿನ್‌ನಲ್ಲೂ" ಎಂದು ಕೇಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕಳಿಸುವುದು ಹೊರಗಿನ ನಂಬರಿನಿಂದಲೇ ಆಗಲಿ. ಆಧಾರ್ ಪ್ರತಿ ಬೇಕಾದ ಬಹಳಷ್ಟು ಕಡೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಸಾಕು. ಆಧಾರ್ ಜಾಲತಾಣದಲ್ಲೇ ಇಳಿಸಿಕೊಳ್ಳಬಹುದು. ಆಧಾರ್ ನಂಬರ್ ಕೇಳಿದರೆ ಅದರ ಬದಲು ಹದಿನಾರು ಅಂಕಿಯ ವಿಐಡಿ ಕೊಡಬಹುದು. ಇ-ಆಧಾರ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ, ಇಷ್ಟೇ ಆ ಪಾಸ್‌ವರ್ಡ್, ನಿಮ್ಮನ್ನು ಬಲ್ಲ ಯಾರಾದರೂ ಊಹಿಸಬಲ್ಲರು.

ಪಾಸ್‌ವರ್ಡ್, ಬ್ರೌಸರ್

ಮಗುವಿನ ಹೆಸರಿನ ಮುಂದೆ 123 ಹಾಕಿ ಎಲ್ಲ ಕಡೆ ಅದನ್ನೇ ಇಟ್ಟರೆ ಇಷ್ಟು ಬೇರೆ ಮಾಡಿದ್ದೂ ವ್ಯರ್ಥ. ಬಿಟ್‌ವಾರ್ಡನ್‌ನಂಥ ಪಾಸ್‌ವರ್ಡ್ ಮ್ಯಾನೇಜರ್ ಉಚಿತವಾಗಿ ಸಿಗುತ್ತದೆ. ಆಪ್ ಬೇಡವೆನಿಸಿದರೆ ನೋಟ್‌ಬುಕ್‌ನಲ್ಲಿ ಬರೆದು ಬೀರುವಿನಲ್ಲಿಡಿ, ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಬಳಸುವುದಕ್ಕಿಂತ ಅದು ಎಷ್ಟೋ ಮೇಲು. ಕಂಪ್ಯೂಟರಿನಲ್ಲಿ ಕ್ರೋಮ್‌ನ ಬೇರೆ ಪ್ರೊಫೈಲ್ ತೆರೆದು ಕಾವ್ಯನಾಮದ ಅಕೌಂಟುಗಳನ್ನು ಅದರಲ್ಲೇ ಬಳಸಿ. ಆಂಡ್ರಾಯ್ಡ್ 15ರಲ್ಲಿ ಪ್ರೈವೇಟ್ ಸ್ಪೇಸ್ ಇದೆ, ಬೇರೆ ಲಾಕ್ ಹಾಕಿದ ಆ ಜಾಗದಲ್ಲಿ ಆಪ್‌ಗಳನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬಹುದು. ಮನೆಯಲ್ಲಿ ಒಂದೇ ಫೋನನ್ನು ಮೂವರು ಬಳಸುವ ಕಡೆ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಈ ಎಲ್ಲವೂ ಕಾಪಾಡುವುದು ನೆರೆಹೊರೆಯಿಂದ, ಕುತೂಹಲದವರಿಂದ, ಮೋಸಗಾರರಿಂದ. ಪೊಲೀಸರು ಕಾನೂನಿನ ಪ್ರಕಾರ ಕೇಳಿದರೆ ಕಂಪನಿಗಳು ನಂಬರ್, ಐಪಿ ವಿಳಾಸ ಕೊಡುತ್ತವೆ, ಕಾವ್ಯನಾಮ ಅಲ್ಲಿ ತಡೆಯಾಗುವುದಿಲ್ಲ. ಗೂಗಲ್‌ಗೂ ಮೆಟಾಗೂ ಎರಡು ಅಕೌಂಟು ಒಂದೇ ಫೋನಿನಲ್ಲಿವೆ ಎಂದು ತಿಳಿಯದೇನೂ ಇರುವುದಿಲ್ಲ. ಕಂಪನಿಗಳು ನಮ್ಮ ಮಾಹಿತಿಯನ್ನು ಹೇಗೆ ಇಟ್ಟುಕೊಳ್ಳಬೇಕೆಂಬ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಬಹುಪಾಲು ಕಟ್ಟಳೆಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಗಡುವು. ಅಲ್ಲಿಯವರೆಗೆ ನಮ್ಮ ಜಾಗ್ರತೆ ನಮ್ಮದೇ.

ಬೇಡವಾದ ಅಕೌಂಟುಗಳನ್ನು ಬಿಟ್ಟುಬಿಡುವ ಬದಲು ಅಳಿಸಿ. ಎರಡು ವರ್ಷ ತೆರೆಯದ ಜಿಮೇಲನ್ನು ಗೂಗಲ್ ತಾನೇ ಅಳಿಸಬಹುದು, ಬರಹಗಳಿರುವ ಕಾವ್ಯನಾಮದ ಇಮೇಲಿಗೆ ಆಗಾಗ ಹೋಗಿಬನ್ನಿ. ಮನೆಯ ಒಬ್ಬರಿಗೆ ನೋಟ್‌ಬುಕ್ ಎಲ್ಲಿದೆ ಎಂದು ತಿಳಿದಿರಲಿ.

ಇಷ್ಟಾದರೂ ಯಾರಾದರೂ ನಿಮ್ಮ ಹೆಸರಿನಲ್ಲಿ ಅಕೌಂಟ್ ತೆರೆದರೆ, ಬೆದರಿಸಿದರೆ, ದುಡ್ಡು ಹೋದರೆ ತಡಮಾಡಬೇಡಿ. ದುಡ್ಡಿನ ವಿಷಯಕ್ಕೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ, ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಉಳಿದದ್ದಕ್ಕೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ, ತುಮಕೂರಿನಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ. ಗಾಬರಿಯಲ್ಲಿ ಮೆಸೇಜುಗಳನ್ನೋ ಅಕೌಂಟನ್ನೋ ಅಳಿಸಬೇಡಿ. ಸ್ಕ್ರೀನ್‌ಶಾಟ್, ಆ ಅಕೌಂಟಿನ ಲಿಂಕು, ದಿನಾಂಕ, ಸಮಯ, ಹಣ ಹೋಗಿದ್ದರೆ ವಹಿವಾಟಿನ ಸಂಖ್ಯೆ, ಇಷ್ಟನ್ನೂ ಇಟ್ಟುಕೊಂಡೇ ಠಾಣೆಗೆ ಹೋಗಿ.